ಕಾರಂಜಿಯ ಹಿಂದೆ ಏನಿದೆ ಅಂತ ಮೊದಲು ನೋಡಿ

ಸರ್, ನೀವು ಹಾಕಿರುವ ಆರೂ ಫೋಟೋ ನೋಡಿದೆ. ಕಣ್ಣಿಗೆ ಅಷ್ಟು ಚೆಂದ ಕಂಡ ಕಾರಂಜಿ ಫೋಟೋದಲ್ಲಿ ಯಾಕೆ ಹೊಗೆ ಥರ ಪೇಲವವಾಗಿ ಬರುತ್ತೆ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ದೋಷವಾ, ಹೊಸ ಲೆನ್ಸ್ ತಗೊಳ್ಳಲಾ ಅಂತ ಕೇಳಿದ್ದೀರಿ. ಕ್ಯಾಮೆರಾ ಚೆನ್ನಾಗೇ ಇದೆ. ಕ್ಯಾಮೆರಾ ಜೊತೆಗೇ ಬರೋ 18-55 ಕಿಟ್ ಲೆನ್ಸ್ ಧಾರಾಳವಾಗಿ ಸಾಕು, ದುಡ್ಡು ಜೇಬಲ್ಲೇ ಇರಲಿ. ಮೊದಲ ಐದು ಫೋಟೋದಲ್ಲೂ ನೀರಿನ ಹಿಂದೆ ಇರೋದು ಬಿಳಿ ಆಕಾಶ. ಸುಣ್ಣ ಬಳಿದ ಗೋಡೆ ಮೇಲೆ ರಂಗೋಲಿ ಪುಡಿಯಲ್ಲಿ ಬರೆದರೆ ಯಾರಿಗೆ ಕಾಣುತ್ತೆ? ಆರನೆಯದರ ಬಗ್ಗೆ ಕೊನೆಗೆ ಹೇಳ್ತೀನಿ.

ಕಾರಂಜಿಗೆ ಬೇಕಾದ್ದು ಎರಡೇ: ಹಿಂದೆ ಕತ್ತಲು, ಓರೆಯಾಗಿ ಹಿಂದಿನಿಂದ ಬೆಳಕು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಥರದ ಕಡೆ ಬೆಳಗ್ಗೆ ಎಂಟರ ಹೊತ್ತಿಗೆ ದೊಡ್ಡ ಮರಗಳ ಬುಡದಲ್ಲಿ ಇನ್ನೂ ದಟ್ಟ ನೆರಳಿರುತ್ತೆ. ನೀರು ಎಲ್ಲಿದೆ ಅಂತ ನೋಡಬೇಡಿ, ಆ ನೆರಳು ನೀರಿನ ಹಿಂದೆ ಬರೋ ಹಾಗೆ ನೀವೇ ಸುತ್ತು ಹಾಕಿ. ಕೆಲವೊಮ್ಮೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಸಾಕು. ಸೂರ್ಯ ನೀರಿನ ಆಚೆ, ಸ್ವಲ್ಪ ಪಕ್ಕದಲ್ಲಿರಲಿ. ಲೆನ್ಸಿನ ಮೇಲೆ ನೇರ ಬಿಸಿಲು ಬೀಳದ ಹಾಗೆ ಎಡಗೈ ಅಡ್ಡ ಹಿಡಿಯಿರಿ. ಒಂದೊಂದು ಹನಿಯೂ ಹೊತ್ತಿಕೊಂಡ ಹಾಗೆ ಕಾಣುತ್ತೆ. ಒಂದು ಎಚ್ಚರಿಕೆ: ಹಿನ್ನೆಲೆ ಕಪ್ಪಾಗಿದ್ದರೆ ಕ್ಯಾಮೆರಾ "ಅಯ್ಯೋ ಕತ್ತಲು" ಅಂದುಕೊಂಡು ಎಲ್ಲವನ್ನೂ ಬೆಳ್ಳಗೆ ಮಾಡುತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೋ ಎಷ್ಟು ಬೆಳ್ಳಗಿರಬೇಕು ಅನ್ನೋ ಹೊಂದಿಕೆ) ಮೈನಸ್ 1ಕ್ಕೆ ಇಳಿಸಿ, ಸಾಲದಿದ್ದರೆ ಇನ್ನೂ ಸ್ವಲ್ಪ.

ಇನ್ನು ಶಟರ್, ಅಂದರೆ ಕ್ಯಾಮೆರಾ ಬೆಳಕನ್ನು ಒಳಗೆ ಬಿಡೋ ಸಮಯ. "1/50ರಲ್ಲಿ ತೆಗೆದೆ, ಹನಿ ನಿಲ್ಲಲೇ ಇಲ್ಲ" ಅಂದಿದ್ದೀರಿ. ಹೇಗೆ ನಿಲ್ಲುತ್ತೆ? ಸುಮಾರು ನಾಲ್ಕು ಅಡಿ, ಅಂದರೆ 1.25 ಮೀಟರ್ ಎತ್ತರದಿಂದ ಬಿದ್ದ ಹನಿ ಕೆಳಗೆ ಬರೋ ಹೊತ್ತಿಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿರುತ್ತೆ. 1/50 ಸೆಕೆಂಡಲ್ಲಿ ಅದು 10 ಸೆಂಟಿಮೀಟರ್ ಓಡಿರುತ್ತೆ. 1/1000 ಇಟ್ಟರೂ ಅರ್ಧ ಸೆಂಟಿಮೀಟರ್. ಮಣಿ ಪೋಣಿಸಿದ ಹಾಗೆ ಬೇಕು ಅಂದರೆ 1/2000ಕ್ಕೆ ಹೋಗಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400 ಅಥವಾ 800 ಮಾಡಿಕೊಳ್ಳಿ. ಕಾರಂಜಿಯ ತುದಿಯಲ್ಲಿ, ಮೇಲೇರಿದ ನೀರು ಇಳಿಯೋಕೆ ತಿರುಗುವ ಕಡೆ, ವೇಗ ತೀರಾ ಕಡಿಮೆ. ಅಲ್ಲಿ 1/500ರಲ್ಲೂ ಹನಿ ಸಿಗುತ್ತೆ. ನಾನಂತೂ ಬುಡ ಬಿಟ್ಟು ಆ ತುದಿಯನ್ನಷ್ಟೇ 55ರಲ್ಲಿ, ಅಂದರೆ ಪೂರ್ತಿ ಜೂಮ್ ಮಾಡಿ, ಬಿಗಿಯಾಗಿ ಹಿಡಿಯುತ್ತೇನೆ.

ರೇಷ್ಮೆ ಥರ ನುಣುಪು ನೀರು ಎಲ್ಲರೂ ಮಾಡ್ತಾರೆ, ನನಗೆ ಅದು ಸ್ವಲ್ಪ ಸಾಕಾಗಿದೆ. ಜಲಪಾತಕ್ಕೆ ಒಪ್ಪುತ್ತೆ. ಪಾರ್ಕಿನ ಪುಟ್ಟ ಕಾರಂಜಿಯನ್ನು ಎರಡು ಸೆಕೆಂಡ್ ತೆಗೆದರೆ ಹತ್ತಿ ಹಿಂಜಿ ಇಟ್ಟ ಹಾಗಿರುತ್ತೆ. 1/15ರಿಂದ 1/30ರ ನಡುವೆ ನೀರು ದಾರ ದಾರವಾಗಿ ಬರುತ್ತೆ, ಅದು ನೋಡೋಕೆ ಚೆಂದ. ಹಾಗೂ ನುಣುಪೇ ಬೇಕಂದರೆ ಲೆಕ್ಕ ಕೇಳಿ: ಸುಡು ಬಿಸಿಲಲ್ಲಿ ಐಎಸ್‌ಒ 100, ಎಫ್22 (ಲೆನ್ಸಿನ ಕಿಂಡಿ ತೀರಾ ಕಿರಿದು) ಇಟ್ಟರೂ ಶಟರ್ 1/50ಕ್ಕಿಂತ ನಿಧಾನ ಆಗಲ್ಲ. ಮೇಲಾಗಿ ಎಫ್22ರಲ್ಲಿ ಫೋಟೋ ಸ್ವಲ್ಪ ಮಸುಕಾಗುತ್ತೆ. ಬೆಳಕು ತಗ್ಗಿಸೋ ಎನ್‌ಡಿ64 ಫಿಲ್ಟರ್ ಹಾಕಿದರೆ ಆರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ಇಳಿದು ಒಂದು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಸಿಗುತ್ತೆ. ಫಿಲ್ಟರ್ ಇಲ್ಲ ಅಂದರೆ ಸೂರ್ಯ ಹುಟ್ಟೋ ಮುಂಚೆ ಹೋಗಿ, ಖರ್ಚಿಲ್ಲ. ಟ್ರೈಪಾಡ್ ನೋಡಿದ ತಕ್ಷಣ ಕಾವಲುಗಾರರು ಬಂದೇ ಬರ್ತಾರೆ. ನನ್ನ ಉಪಾಯ, ಒಂದು ಕೆಜಿ ಅಕ್ಕಿ ತುಂಬಿದ ಬಟ್ಟೆ ಚೀಲ. ಕಟ್ಟೆ ಮೇಲಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡ್ ಟೈಮರ್ ಹಾಕಿದರೆ ಆಯ್ತು.

ಕಾಮನಬಿಲ್ಲು ಅದೃಷ್ಟ ಅಂದುಕೊಂಡಿದ್ದೀರಿ, ಅಲ್ಲ. ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ತಲೆಯ ನೆರಳು ಬೀಳುತ್ತಲ್ಲ, ಆ ದಿಕ್ಕಿನಿಂದ 42 ಡಿಗ್ರಿ ಸುತ್ತ ಬಿಲ್ಲು ಇರುತ್ತೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಿಲ್ಲು ಕಣ್ಣಿನ ಮಟ್ಟಕ್ಕಿಂತ ಕೆಳಗೆ ಹೋಗಿಬಿಡುತ್ತೆ. ಹಾಗಾಗಿ ನಮ್ಮೂರಲ್ಲಿ ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ. ಇದಕ್ಕೆ ದೊಡ್ಡ ಹನಿ ಧಾರೆಗಿಂತ ತುಂತುರು ಒಳ್ಳೆಯದು. ಇಲ್ಲೂ ಹಿಂದೆ ಮರದ ನೆರಳು ಇರಬೇಕು, ಅದೇ ಕತೆ. ಪೋಲರೈಸರ್ (ಲೆನ್ಸ್ ಮುಂದೆ ಹಾಕಿ ತಿರುಗಿಸೋ ಫಿಲ್ಟರ್) ಇದ್ದರೆ ಮೆಲ್ಲಗೆ ತಿರುಗಿಸಿ ನೋಡಿ: ಒಂದು ಕಡೆ ಬಣ್ಣ ಗಾಢವಾಗುತ್ತೆ, ಇನ್ನೊಂದು ಕಡೆ ಬಿಲ್ಲೇ ಮಾಯ.

ರಾತ್ರಿಯ ಬಣ್ಣದ ಕಾರಂಜಿ ತೆಗೆದಾಗ ಪಟ್ಟೆ ಪಟ್ಟೆ ಗೆರೆ ಬಂದರೆ ಅದು ಎಲ್‌ಇಡಿ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಕಣ್ಣು ಮಿಟುಕಿಸುತ್ತವೆ. ಸೈಲೆಂಟ್ (ಸದ್ದಿಲ್ಲದ ಎಲೆಕ್ಟ್ರಾನಿಕ್) ಶಟರ್ ಆಫ್ ಮಾಡಿ, 1/50 ಅಥವಾ ಅದಕ್ಕಿಂತ ನಿಧಾನ ಇಡಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಆಟೋ ಬೇಡ, ಡೇಲೈಟ್ ಹಾಕಿ. ಕೆಂಪು, ನೀಲಿ ಬೇಗ ಅತಿಯಾಗಿ ವಿವರ ಅಳಿಸಿಹೋಗುತ್ತೆ, ಒಂದು ಸ್ಟಾಪ್ ಕಮ್ಮಿ ತೆಗೆಯಿರಿ. ಬೃಂದಾವನದ ಸಂಗೀತ ಕಾರಂಜಿಗೆ ಹೋದಾಗ ಮುಂದಿನ ಸಾಲಿಗೆ ನುಗ್ಗಬೇಡಿ. ಹಿಂದೆ ನಿಂತರೆ ಜನರ ತಲೆಗಳು, ಹೆಗಲ ಮೇಲೆ ಕೂತ ಮಕ್ಕಳು ಎಲ್ಲ ಬಣ್ಣದ ನೀರಿನ ಮುಂದೆ ಕಪ್ಪು ಆಕೃತಿಯಾಗಿ ಸಿಗ್ತಾರೆ. ಬರೀ ನೀರಿಗಿಂತ ಅದು ಮೇಲು. ಮಧ್ಯೆ ನಾಲ್ಕಾರು ಮೊಬೈಲ್ ಪರದೆ ಮಿಂಚಿದರೆ ಮಿಂಚಲಿ.

ಪ್ರತಿಬಿಂಬದ ಬಗ್ಗೆ ಹೇಳಲೇಬೇಕು, ಯಾಕಂದರೆ ಇದಕ್ಕೆ ಕ್ಯಾಮೆರಾವೇ ಬೇಡ. ನೇರ ಮೇಲಿಂದ ನೋಡಿದರೆ ನೀರು ಬೆಳಕಿನ ನೂರರಲ್ಲಿ ಎರಡು ಪಾಲಷ್ಟೇ ವಾಪಸ್ ಕಳಿಸುತ್ತೆ. ತಗ್ಗಿ ಓರೆಯಾಗಿ ನೋಡಿದಷ್ಟೂ ಕನ್ನಡಿಯಾಗುತ್ತೆ. ಹಾಗಾಗಿ ಮೊಬೈಲನ್ನು ತಲೆಕೆಳಗು ಮಾಡಿ, ಲೆನ್ಸ್ ನೀರಿಗೆ ಎರಡು ಬೆರಳು ದೂರ ಇರೋ ಹಾಗೆ ಹಿಡಿಯಿರಿ. ತಟ್ಟೆಯಷ್ಟು ಅಗಲದ ಗುಂಡಿ ನೀರು ಕೆರೆಯಾಗುತ್ತೆ. ಮಳೆ ನಿಂತ ಭಾನುವಾರ ಸಂಜೆ ಮೈಸೂರು ಅರಮನೆ ಅಂಗಳದಲ್ಲಿ ನಿಂತ ನೀರು ಹುಡುಕಿ. ಸುಮಾರು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಮೇಲೊಂದು ಅರಮನೆ, ಕೆಳಗೊಂದು. ಫೋಕಸ್ ವಿಷಯದಲ್ಲಿ ನಾನೂ ವರ್ಷಗಟ್ಟಲೆ ತಪ್ಪು ಮಾಡಿದ್ದೇನೆ: ಪ್ರತಿಬಿಂಬ ನೀರಿನ ಮೇಲ್ಮೈಯಲ್ಲಿ ಇರಲ್ಲ. ಮರ ಮೂವತ್ತು ಮೀಟರ್ ಆಚೆ ಇದ್ದರೆ ಅದರ ಬಿಂಬಕ್ಕೂ ಅಷ್ಟೇ ದೂರಕ್ಕೆ ಫೋಕಸ್ ಮಾಡಬೇಕು. ತೇಲುವ ಎಲೆಗೆ ಮಾಡಿದರೆ ಮರ ಮಸುಕು.

ನೀವು ಮಲ್ಲೇಶ್ವರದಲ್ಲೇ ಇದ್ದೀರಲ್ಲ, ದೂರ ಯಾಕೆ ಹೋಗ್ತೀರಿ? 1997ರಲ್ಲಿ ಮಣ್ಣಿನಡಿಯಿಂದ ಹೊರಬಂದ ನಂದಿ ತೀರ್ಥ ಅಲ್ಲೇ ಇದೆ. ನಂದಿ ಬಾಯಿಂದ ಲಿಂಗದ ಮೇಲೆ ಬೀಳೋ ಸಣ್ಣ ಧಾರೆ, ಸುತ್ತ ಕಪ್ಪಾದ ಕಲ್ಲು. ಹಿನ್ನೆಲೆ ಹುಡುಕೋ ಕೆಲಸವೇ ಇಲ್ಲ. ದೇವಸ್ಥಾನ, ಫೋಟೋ ತೆಗೆಯಬಹುದಾ ಅಂತ ಅರ್ಚಕರನ್ನು ಕೇಳಿ, ಬೇಡ ಅಂದರೆ ಕೈಮುಗಿದು ಬನ್ನಿ. ಅಲ್ಲಿಂದ ಹತ್ತಿರವೇ 1882ರ ಸ್ಯಾಂಕಿ ಕೆರೆ. ಡಿಸೆಂಬರ್, ಜನವರಿಯಲ್ಲಿ ಚಳಿ ಜೋರಾಗಿದ್ದ ಬೆಳಗ್ಗೆ ನೀರಿನ ಮೇಲೆ ತೆಳುವಾಗಿ ಮಂಜು ಎದ್ದಿದ್ದರೆ, ಬಿಸಿಲು ಏರುವ ಮೊದಲು ತೆಗೆದುಬಿಡಿ. ಹಲಸೂರು ಕೆರೆಗೆ ಹೋದರೆ ಪಕ್ಕದಲ್ಲೇ ಸೇನೆಯ ಜಾಗ, ಕ್ಯಾಮೆರಾ ಆ ಕಡೆ ತಿರುಗಿಸಬೇಡಿ.

ತುಂತುರು ಲೆನ್ಸಿನ ಮೇಲೆ ಒಣಗೋಕೆ ಬಿಡಬೇಡಿ. ಬೋರ್‌ವೆಲ್ ನೀರಾದರೆ ಬಿಳಿ ಕಲೆ ಕೂರುತ್ತೆ. ಒಮ್ಮೆ ನಾನು ಅಂಗಿ ಅಂಚಲ್ಲಿ ಒರೆಸಿ, ಗೀರು ಬಿದ್ದ ಯುವಿ ಫಿಲ್ಟರ್ ಎಸೆಯಬೇಕಾಯ್ತು. ಮೆತ್ತನೆ ಮೈಕ್ರೋಫೈಬರ್ ಬಟ್ಟೆ ಎರಡು ಇಟ್ಟುಕೊಳ್ಳಿ, ಒಂದು ಒದ್ದೆ ಆಗೇ ಆಗುತ್ತೆ. ಗಾಳಿ ಬರೋ ಕಡೆಗೆ ಬೆನ್ನು ಕೊಟ್ಟು ನಿಲ್ಲಿ, ತುಂತುರು ನಿಮ್ಮಿಂದ ಆಚೆ ಹೋಗುತ್ತೆ.

ಈಗ ಆರನೆಯ ಫೋಟೋ. ಕಟ್ಟೆ ಮೇಲೆ ಕಾಗೆ ಕೊಕ್ಕು ಎತ್ತಿ ನೀರು ನುಂಗ್ತಾ ಇದೆ, ಹಿಂದೆ ಕಪ್ಪು ಪೊದೆ, ಕೊಕ್ಕಿನ ತುದಿಯಲ್ಲಿ ಒಂದೇ ಹನಿ ಬೆಳಗಿದೆ. "ಇದು ಸುಮ್ಮನೆ ಕ್ಲಿಕ್ ಆಯ್ತು, ಡಿಲೀಟ್ ಮಾಡ್ತೀನಿ" ಅಂತ ಕೆಳಗೆ ಬರೆದಿದ್ದೀರಿ. ದಯವಿಟ್ಟು ಮಾಡಬೇಡಿ. ಎಡಗಡೆ ಕಾಣೋ ಚಿಪ್ಸ್ ಪ್ಯಾಕೆಟ್ ಕ್ರಾಪ್ ಮಾಡಿ, ದೊಡ್ಡ ಸೈಜಲ್ಲಿ ಇನ್ನೊಮ್ಮೆ ಇಲ್ಲೇ ಹಾಕಿ.