ದಿನಾ ಓದ್ತೀನಿ, ಆದ್ರೂ ಪರೀಕ್ಷಾದಾಗ ನೆನಪಾಗಂಗಿಲ್ಲ, ಓದೋ ರೀತಿ ಹ್ಯಾಂಗ ಸುಧಾರಿಸ್ಕೋಬೇಕು?

ಓದಿದ ಮ್ಯಾಲ ಪುಸ್ತಕ ಮುಚ್ಚಿಟ್ಟು, ಏನು ತಿಳೀತು, ಎಲ್ಲಿ ಸಿಕ್ಕಿಬಿದ್ದೆ ಅಂತ ಹತ್ತು ನಿಮಿಷ ಬರೀರಿ, ಇದರಿಂದ ಭಾಳ ಫರಕ್ ಬೀಳ್ತದ. ಯಾಕಂದ್ರ ಅದೇ ಪಾಠ ಮತ್ತ ಮತ್ತ ಓದಿದ್ರ ಕಣ್ಣಿಗಿ ಪರಿಚಯ ಆಗ್ತದ, ಅಷ್ಟಕ್ಕೇ ಮನಸು ನನಗ ಬರ್ತದ ಅಂತ ತಿಳ್ಕೊಂಡ್ಬಿಡ್ತದ. 2006ರಾಗ ರೋಡಿಗರ್, ಕಾರ್ಪಿಕಿ ಅನ್ನೋ ಮನೋವಿಜ್ಞಾನಿಗಳು ಪ್ರಯೋಗ ಮಾಡಿದ್ರು, ವಾರ ಆದ ಮ್ಯಾಲ ಜಾಸ್ತಿ ನೆನಪಿದ್ದದ್ದು ಪದೇಪದೇ ಓದಿದವರಿಗಲ್ಲ, ನೋಡದೇ ನೆನಪು ಮಾಡ್ಕೊಂಡು ಬರದವರಿಗಿ.

ನಮ್ಮ ಕಲಬುರಗಿ ಕಡಿ ಪಿಯುಸಿ ಹುಡುಗ್ರು 'ಆಸ್ಮಾಸಿಸ್ (ತೆಳು ಪೊರಿ ದಾಟಿ ನೀರು ಉಪ್ಪು ಜಾಸ್ತಿ ಇದ್ದ ಕಡಿ ಹೋಗೋದು) ಮುಗೀತು' ಅಂತ ಟಿಕ್ ಹಾಕ್ತಾರ, ಅದರ ಬದ್ಲಿ 'ಉಪ್ಪು ಹಚ್ಚಿದ ಸೌತಿಕಾಯಿ ಯಾಕ ನೀರು ಬಿಡ್ತದ, ಹೇಳ್ಲಿಕ್ಕ ಬರ್ಲಿಲ್ಲ' ಅಂತ ಬರೀರಿ, ನಾಳಿ ಅಲ್ಲಿಂದೇ ಶುರು ಮಾಡ್ರಿ. ಓದಿದ ಟೈಮೂ ಬರೀರಿ, ಈ ಬ್ಯಾಸಗ್ಯಾಗ ಮಧ್ಯಾಹ್ನ ಕುಂತಿದ್ದು ತಲಿಗಿ ಹೋಗ್ಲಿಲ್ಲಂದ್ರ ಮುಂಜಾನಿ ಲಗೂ ಎದ್ದು ಕೂಡ್ರಿ.