ಪಾಸ್ಟರ್ ಬದಲಾದ ಮೇಲೆ ಎಲ್ಲರ ದೂರೂ ಒಬ್ಬರ ಮನೆಗೇ: ಒಂದು ಆಪ್ತಸಲಹೆ ಪ್ರಕರಣ

ಇದನ್ನ ಬರೆಯೋಕೆ ಅವರ ಒಪ್ಪಿಗೆ ಇದೆ. ಹೆಸರು, ಊರು, ಸಭೆ (ಅಂದ್ರೆ ಚರ್ಚ್) ಯಾವ್ದೂ ಹೇಳಲ್ಲ, ಗುರುತು ಹತ್ತೋ ಅಂಥ ವಿವರಗಳನ್ನ ಬದಲಾಯಿಸಿದೀನಿ. ಅವರನ್ನ ಇಲ್ಲಿ ಅಕ್ಕ ಅಂತ ಕರೀತೀನಿ, ಸಭೇಲೂ ಚಿಕ್ಕವರು ದೊಡ್ಡವರು ಎಲ್ಲಾ ಹಾಗೇ ಕರೆಯೋದು. ಐವತ್ತು ದಾಟಿದೆ, ಸಭಾ ಕಮಿಟಿಲಿ ವರ್ಷಗಟ್ಟಲೆ ಸೆಕ್ರೆಟರಿ ಆಗಿದ್ದವರು, ಸ್ತ್ರೀ ಸಂಘದಲ್ಲೂ ಯಾವ ಕೆಲಸ ಇದ್ರೂ ಮುಂದೆ ನಿಲ್ಲೋರು. ನಿದ್ದೆ ಬರ್ತಿಲ್ಲ, ಶನಿವಾರ ಸಂಜೆ ಆಯ್ತು ಅಂದ್ರೆ ಎದೆ ಹೊಡ್ಕೊಳ್ಳೋಕೆ ಶುರು, ಭಾನುವಾರ ಬೆಳಿಗ್ಗೆ ಹೊಟ್ಟೆ ತೊಳಸುತ್ತೆ ಅಂತ ಬಂದಿದ್ರು. ಡಾಕ್ಟರ್‌ಗೆ ತೋರಿಸಿ ಆಗಿತ್ತು, ಬಿಪಿ, ಶುಗರ್, ಥೈರಾಯ್ಡ್ ಎಲ್ಲಾ ನಾರ್ಮಲ್.

ಯಾವಾಗಿಂದ ಹೀಗೆ ಅಂತ ಕೇಳ್ದೆ. "ಪಾಸ್ಟರ್ ಹೋದಾಗಿಂದ" ಅಂದ್ರು. ಅಂದ ಮರುಕ್ಷಣಾನೇ "ಅಯ್ಯೋ ಅದಕ್ಕೂ ಇದಕ್ಕೂ ಏನ್ ಸಂಬಂಧ ಬಿಡಿ, ಟ್ರಾನ್ಸ್‌ಫರ್ ಅಲ್ವಾ, ಎಲ್ಲಾ ಸಭೇಲೂ ಆಗೋದೇ" ಅಂತ ಮಾತು ತೇಲಿಸಿಬಿಟ್ರು. ನಾನು ಬಿಡ್ಲಿಲ್ಲ, ಅಲ್ಲಿಂದಾನೇ ಶುರು ಮಾಡೋಣ ಅಂದೆ.

ಹಳೇ ಪಾಸ್ಟರ್ ಅಲ್ಲಿ 17 ವರ್ಷ ಇದ್ರಂತೆ. ಅಕ್ಕನ ಕಿರಿ ಮಗಳಿಗೆ ದೀಕ್ಷಾಸ್ನಾನ ಕೊಟ್ಟವರು ಅವರೇ, ತಾಯಿ ತೀರಿಕೊಂಡಾಗ ರಾತ್ರಿಯಿಡೀ ಆಸ್ಪತ್ರೇಲಿ ಕೂತಿದ್ದವರೂ ಅವರೇ, ಗಂಡನ ಕೆಲಸ ಹೋದಾಗ ವಾರಕ್ಕೊಂದ್ಸಲ ಮನೆಗೆ ಬಂದು ಸುಮ್ನೆ ಜೊತೇಲಿ ಕೂತು ಪ್ರಾರ್ಥನೆ ಮಾಡಿ ಹೋಗೋರು. ಇಂಥವರಿಗೆ ಆರ್ಡರ್ ಬಂತು, ತಿಂಗಳು ತುಂಬೋದ್ರೊಳಗೆ ಸಾಮಾನು ಕಟ್ಕೊಂಡು ಹೊರಟ್ರು. ಬೀಳ್ಕೊಡುಗೆ ಅಂದ್ರೆ ಆರಾಧನೆ ಮುಗಿದ ಮೇಲೆ ಮೈಕಲ್ಲಿ ಹತ್ತು ನಿಮಿಷ ಥ್ಯಾಂಕ್ಸು, ಒಂದು ಗ್ರೂಪ್ ಫೋಟೋ, ಅಷ್ಟೇ. ಎರಡು ವಾರಕ್ಕೆ ಹೊಸಬ್ರು ಬಂದ್ರು. ಮೂವತ್ತೈದರ ಆಸುಪಾಸು, ಚೆನ್ನಾಗಿ ಓದಿಕೊಂಡವರು, ಪ್ರಸಂಗ ಚೆನ್ನಾಗಿ ಮಾಡ್ತಾರೆ, ಅಕ್ಕನೇ ಹೇಳೋ ಪ್ರಕಾರ "ಕೆಟ್ಟ ಮನುಷ್ಯ ಅಲ್ವೇ ಅಲ್ಲ". ಬಂದ ಮೂರು ತಿಂಗಳಲ್ಲಿ ಆರಾಧನಾ ಕ್ರಮ ಬದಲಾಯ್ತು, ಕೀರ್ತನೆ ಪುಸ್ತಕದ ಬದಲು ಸ್ಕ್ರೀನ್ ಬಂತು, ಕ್ವಾಯರ್ ಜಾಗದಲ್ಲಿ ಯೂತ್ ಹುಡುಗ್ರ ಬ್ಯಾಂಡ್ ನಿಂತ್ಕೊಳ್ತು.

ಅಕ್ಕನಿಗೆ ಚುಚ್ಚಿದ್ದು ಇವ್ಯಾವ್ದೂ ಅಲ್ಲ. ಅವರ ಹತ್ರ ಒಂದು ಉದ್ದನೆ ನೋಟ್‌ಬುಕ್ ಇತ್ತು. ಯಾರ ಮನೇಲಿ ಯಾರಿಗೆ ಹುಷಾರಿಲ್ಲ, ಯಾರು ಮೂರು ಭಾನುವಾರದಿಂದ ಕಾಣ್ತಿಲ್ಲ, ಯಾರ ಗಂಡ ತೀರಿಕೊಂಡು ವರ್ಷ ತುಂಬ್ತಾ ಬಂತು, ಎಲ್ಲಾ ಅದ್ರಲ್ಲಿ ಬರೆದಿಡೋರು. ಶನಿವಾರ ಅದನ್ನ ಪಾಸ್ಟರ್ ಮುಂದೆ ಇಡೋದು, ಅವರು ಹೋಗಿ ಭೇಟಿ ಮಾಡಿ ಬಂದ್ರೆ ಪೆನ್ಸಿಲಲ್ಲಿ ಒಂದು ಟಿಕ್. ಹೊಸ ಪಾಸ್ಟರ್ "ಇದೆಲ್ಲಾ ಎಕ್ಸೆಲ್‌ಗೆ ಹಾಕಿಬಿಡೋಣ, ಯೂತ್ ನೋಡ್ಕೊಳ್ತಾರೆ, ನಿಮಗ್ಯಾಕೆ ತೊಂದ್ರೆ" ಅಂದ್ರು. ಒಳ್ಳೇ ಮನಸ್ಸಿಂದಾನೇ ಅಂದಿರ್ಬೇಕು. ಅದಾದ ಸ್ವಲ್ಪ ದಿನಕ್ಕೆ ಕಮಿಟಿ ಗ್ರೂಪಲ್ಲಿ ಒಂದು ವಾಟ್ಸಾಪ್ ಮೆಸೇಜು, ವೆಸ್ಟ್ರಿ (ಚರ್ಚಿನ ಸಾಮಾನು, ಪುಸ್ತಕ ಇಡೋ ಕೋಣೆ) ಬೀಗದ ಕೈ ಇರೋರೆಲ್ಲಾ ಭಾನುವಾರದೊಳಗೆ ವಾಪಸ್ ಕೊಡಿ ಅಂತ. ನಾಲ್ಕು ಜನರ ಹತ್ರ ಇತ್ತು, ನಾಲ್ವರಿಗೂ ಸೇರಿಸಿ ಹಾಕಿದ ಮೆಸೇಜ್ ಅದು. ಅಕ್ಕ ನನ್ನೆದುರು ಫೋನ್ ತೆಗೆದು ಆ ಮೆಸೇಜ್ ಓದಿದ್ರು, ಓದ್ತಾ ಓದ್ತಾ ಗಂಟಲು ಕಟ್ಟಿತು, ಫೋನ್ ಕೆಳಗಿಟ್ಟು ತುಂಬಾ ಹೊತ್ತು ಅತ್ತರು.

ಇದು ದುಃಖ. ಪಾಸ್ಟರ್ ಹೋಗಿದ್ದಕ್ಕೆ ಯಾರಾದ್ರೂ ಸಾವಿನ ಮನೆ ಥರ ಅಳ್ತಾರಾ ಅಂತ ಜನ ಕೇಳ್ತಾರೆ, ಅದಕ್ಕೇ ಅದು ಒಳಗೇ ಉಳಿದು ಸಿಟ್ಟಾಗಿ, ನಿದ್ದೆಗೆಟ್ಟ ರಾತ್ರಿಯಾಗಿ ಹೊರಗೆ ಬರುತ್ತೆ. ಸುತ್ತಲಿನ ಜನ ಒಪ್ಪಿಕೊಳ್ಳದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ ಅನ್ನೋ ಅಮೆರಿಕದ ವಿದ್ವಾಂಸರು 1980ರ ದಶಕದಿಂದಾನೇ ಬರೀತಾ ಬಂದಿದಾರೆ. ಅಳೋಕೆ ಹಕ್ಕಿಲ್ಲ ಅನ್ನಿಸಿಕೊಂಡ ದುಃಖ ಬೇಗ ವಾಸಿ ಆಗಲ್ಲ ಅನ್ನೋದು ಕೌನ್ಸೆಲಿಂಗ್ ಮಾಡೋ ನಮ್ಮೆಲ್ಲರ ಅನುಭವಾನೂ ಹೌದು.

ಅಕ್ಕನ ವಿಷಯದಲ್ಲಿ ಇನ್ನೊಂದು ಗಂಟಿತ್ತು. ಸಭೆಯ ಹಿರಿಯರೊಬ್ಬರು "ದೇವರ ಸಭೆ ಮನುಷ್ಯನ ಮೇಲೆ ನಿಂತಿಲ್ಲಮ್ಮ" ಅಂದಿದ್ರಂತೆ. ಮಾತು ನಿಜಾನೇ, ಆದ್ರೆ ಅದನ್ನ ಕೇಳಿದಾಗಿಂದ ಅಕ್ಕನಿಗೆ ನಾನು ಇಷ್ಟು ವರ್ಷ ದೇವರನ್ನ ನಂಬಿದ್ನಾ ಪಾಸ್ಟರನ್ನ ನಂಬಿದ್ನಾ ಅನ್ನೋ ಅಪರಾಧಿ ಭಾವನೆ ಕೊರೀತಿತ್ತು. ಅವರು ಬೈಬಲ್ ಬಲ್ಲವರು, ಹಾಗಾಗಿ ಅದರಿಂದಾನೇ ಕೇಳ್ದೆ. ತಮ್ಮ ನಾಯಕ ಮೋಶೆ ತೀರಿಕೊಂಡಾಗ ಇಸ್ರಾಯೇಲ್ಯರು ಏನ್ ಮಾಡಿದ್ರು? 30 ದಿನ ಮೋವಾಬಿನ ಬಯಲಲ್ಲಿ ಅತ್ತರು, ಯೊರ್ದನ್ ದಾಟೋ ಮಾತು ಬಂದಿದ್ದು ಅದಾದ್ಮೇಲೆ, ಮುಂದಿನ ನಾಯಕ ಯೆಹೋಶುವ ಪಕ್ಕದಲ್ಲೇ ರೆಡಿ ಇದ್ರೂನೂ. ಇನ್ನು ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ತೆಗೀರಿ ಅಂದೆ. ಅಪೊಸ್ತಲ ಪೌಲ ಎಫೆಸದಲ್ಲಿ ಇದ್ದಿದ್ದು 3 ವರ್ಷ, ಆಮೇಲೆ ಮಿಲೇತದಲ್ಲಿ ಕೊನೇ ಸಲ ಬೀಳ್ಕೊಡುವಾಗ ಆ ಸಭೆಯ ಹಿರಿಯರು ಕೊರಳು ತಬ್ಬಿಕೊಂಡು ಅತ್ತರು, ಇನ್ನು ನಿನ್ನ ಮುಖ ನೋಡಲ್ಲ ಅನ್ನೋ ಮಾತಿಗೇ ಜಾಸ್ತಿ ನೊಂದ್ಕೊಂಡ್ರು ಅಂತ ಬರೆದಿದೆ. ನಂಬಿಕೆ ಕಮ್ಮಿ ಅಂತ ಅವರನ್ನ ಯಾರೂ ಬೈಯಲಿಲ್ಲ. 3 ವರ್ಷಕ್ಕೆ ಅವರು ಅಷ್ಟು ಅತ್ತಿರಬೇಕಾದ್ರೆ 17 ವರ್ಷಕ್ಕೆ ನೀವು ಅಳೋದ್ರಲ್ಲಿ ತಪ್ಪೇನಿದೆ ಅಕ್ಕ ಅಂದೆ. ಆ ದಿನ ಅವರು ಹಗುರಾಗಿ ಎದ್ದು ಹೋದ್ರು.

ನಿದ್ದೆ ಮಾತ್ರ ಇನ್ನೂ ಬರ್ತಿರಲಿಲ್ಲ. ಕೇಳ್ತಾ ಹೋದ ಹಾಗೆ ಗೊತ್ತಾಯ್ತು, ಅಕ್ಕನ ಫೋನ್ ಬೆಳಿಗ್ಗೆಯಿಂದ ರಾತ್ರಿವರೆಗೂ ಬಡ್ಕೊಳ್ತಾನೇ ಇರುತ್ತೆ. ಕ್ವಾಯರ್‌ನವರು ಫೋನ್ ಮಾಡಿ ಬ್ಯಾಂಡ್ ಬಗ್ಗೆ ದೂರು, ವಯಸ್ಸಾದವರು ಸ್ಕ್ರೀನ್ ಕಾಣಲ್ಲ ಅಂತ ದೂರು, ಹಳೇ ಕಮಿಟಿಯವರು ಸಹಿ ಹಾಕಿ ಮೇಲಿನವರಿಗೆ ಅರ್ಜಿ ಕೊಡೋಣ ನೀವು ಮುಂದೆ ನಿಲ್ಲಿ ಅಂತ. ಹೊಸ ಪಾಸ್ಟರ್ ಕೂಡ ಇವರನ್ನೇ ಪಕ್ಕಕ್ಕೆ ಕರೆದು "ಅಕ್ಕ, ಯಾರ್ಯಾರಿಗೆ ನನ್ನ ಮೇಲೆ ಬೇಜಾರು ಹೇಳಿ" ಅಂತ ಕೇಳೋದು. ಇಷ್ಟು ಸಾಲ್ದು ಅಂತ ಹಳೇ ಪಾಸ್ಟರ್ ಪ್ರತಿ ವಾರ ಫೋನ್ ಮಾಡಿ "ಸಭೆ ಹೇಗಿದೆ?" ಅಂತ ವಿಚಾರಿಸೋದು, ಇವರು ಎಲ್ಲಾ ಹೇಳೋದು, ಅವರು ಆ ಕಡೆಯಿಂದ ನಿಟ್ಟುಸಿರು ಬಿಡೋದು. ಮಗಳು ಬ್ಯಾಂಡಲ್ಲಿ ಹಾಡ್ತಾಳೆ, ಅಮ್ಮ ಫೋನಲ್ಲಿ ಮಾತಾಡೋದೆಲ್ಲಾ ಅವಳ ಕಿವಿಗೆ ಬೀಳುತ್ತೆ, ಅವಳು ಅಮ್ಮನ ಹತ್ರ ಮಾತು ಬಿಟ್ಟು ಎರಡು ತಿಂಗಳಾಗಿತ್ತು.

ಮರ್ರೆ ಬೋವೆನ್ ಅನ್ನೋ ಮನೋವೈದ್ಯರು ಕುಟುಂಬಗಳನ್ನ ನೋಡಿ ಹೇಳಿದ ಒಂದು ಮಾತಿದೆ. ಇಬ್ಬರ ನಡುವೆ ಬಿಗಿ ಜಾಸ್ತಿ ಆದಾಗ ಅವರು ಮೂರನೆಯವರನ್ನ ಎಳ್ಕೊಳ್ತಾರೆ, ಅವರಿಬ್ಬರಿಗೂ ಸ್ವಲ್ಪ ಹಗುರ ಆಗುತ್ತೆ, ಭಾರ ಮಾತ್ರ ಮೂರನೆಯವರ ಮೇಲೆ ಬೀಳುತ್ತೆ. ಅವರ ಹತ್ರ ಕಲಿತ ಎಡ್ವಿನ್ ಫ್ರೀಡ್‌ಮನ್, ಸ್ವತಃ ಯೆಹೂದಿ ಧರ್ಮಗುರು, ಇದೇ ವಿಚಾರನ ಪ್ರಾರ್ಥನಾ ಸಮುದಾಯಗಳಿಗೆ ಹಾಕಿ ತೋರಿಸಿದ್ರು. ಅಕ್ಕ ಅಂಥ ಐದಾರು ಜಗಳಗಳಿಗೆ ಒಟ್ಟಿಗೇ ಮೂರನೆಯವರಾಗಿದ್ರು, ಅದನ್ನೇ ಸೇವೆ ಅಂದ್ಕೊಂಡಿದ್ರು.

ಹಿಂದಿನ ಒಂದು ವಾರ ಬಂದ ಫೋನುಗಳನ್ನೆಲ್ಲಾ ಕಾಲ್ ಲಿಸ್ಟ್ ನೋಡ್ಕೊಂಡು ಕಾಗದದ ಮೇಲೆ ಬರೆಸಿದೆ. ಪ್ರತಿಯೊಂದರ ಮುಂದೆ ಇದು ಯಾರ ವಿಷಯ, ಯಾರ ಹತ್ರ ಹೇಳ್ಬೇಕಿತ್ತು ಅಂತ. ಆಮೇಲೆ ಅವನ್ನ ಬೇರೆ ಬೇರೆ ಮಾಡಿಸಿದೆ: ಇದು ಬರೀ ಕಳ್ಕೊಂಡ ಬೇಜಾರಾ, ನನಗೆ ಇಷ್ಟ ಆಗದ ಬದಲಾವಣೆನಾ, ಅಥವಾ ನಿಜವಾಗ್ಲೂ ಯಾರಿಗಾದ್ರೂ ಅನ್ಯಾಯ ಆಗ್ತಿದ್ಯಾ. ಈ ಕೊನೇದನ್ನ ನಾನು ಯಾವತ್ತೂ ಸಡಿಲ ಬಿಡಲ್ಲ. ಕಾಣಿಕೆ ದುಡ್ಡಿನ ಲೆಕ್ಕ ಸರಿ ಇಲ್ಲ, ಮಕ್ಕಳ ಹತ್ರ ಹೆಂಗಸರ ಹತ್ರ ಯಾರೋ ಕೆಟ್ಟದಾಗಿ ನಡ್ಕೊಂಡ್ರು ಅಂದ್ರೆ ಅದಕ್ಕೆ ದುಃಖ, ಹೊಂದಾಣಿಕೆ ಅಂತ ಹೆಸರಿಟ್ಟು ಸುಮ್ನಿರಿಸೋದು ಮಹಾಪಾಪ, ಅದು ಬರವಣಿಗೇಲಿ ಮೇಲಿನವರಿಗೆ, ಅಪರಾಧ ಆದ್ರೆ ನೇರ ಪೊಲೀಸರಿಗೆ ಹೋಗ್ಬೇಕು. ಅಕ್ಕನ ಪಟ್ಟೀಲಿ ಅಂಥದ್ದು ಇರಲಿಲ್ಲ. ಆದ್ರೆ ಗಟ್ಟಿಯಾದ ವಿಷಯ ಒಂದು ಸಿಕ್ತು: ಹಾಸಿಗೆ ಹಿಡಿದ ಮೂವರು ವಯಸ್ಸಾದವರಿಗೆ ಎರಡು ತಿಂಗಳಿಂದ ಮನೇಲಿ ಕರ್ತನ ಭೋಜನ (ಯೇಸುವಿನ ನೆನಪಿಗೆ ಪಾಸ್ಟರ್ ಕೊಡೋ ರೊಟ್ಟಿ, ದ್ರಾಕ್ಷಾರಸ) ಸಿಕ್ಕಿಲ್ಲ, ಎಕ್ಸೆಲ್ ಶೀಟಿಗೆ ಹಾಕುವಾಗ ಅವರ ಹೆಸರೇ ಬಿಟ್ಟುಹೋಗಿತ್ತು. ಬ್ಯಾಂಡು, ಸ್ಕ್ರೀನು, ಅರ್ಜಿ ಅನ್ನೋ ಗಲಾಟೇಲಿ ಈ ಮೂವರ ವಿಷಯ ಯಾರೂ ಎತ್ತಿರಲಿಲ್ಲ, ಅಕ್ಕ ಕೂಡ ಎತ್ತಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲ್ನೇದು, ದೂರು ಹೇಳೋಕೆ ಯಾರೇ ಫೋನ್ ಮಾಡಿದ್ರೂ ಒಂದೇ ಉತ್ತರ ಕೊಡಿ: "ಇದನ್ನ ಪಾಸ್ಟರ್‌ಗೇ ಹೇಳಿ. ಒಬ್ರೇ ಹೋಗೋಕೆ ಕಷ್ಟ ಅಂದ್ರೆ ಜೊತೇಲಿ ಬಂದು ಕೂತ್ಕೊಳ್ತೀನಿ, ನಿಮ್ಮ ಪರವಾಗಿ ನಾನು ಹೇಳಲ್ಲ." ಬೈಬಲ್‌ನ ಮತ್ತಾಯ 18ರಲ್ಲಿ ಇರೋದೂ ಇದೇ ಅಲ್ವಾ, ತಪ್ಪು ಕಂಡ್ರೆ ಅವನೊಬ್ಬನೇ ಇರುವಾಗ ನೇರ ಹೋಗಿ ಹೇಳು ಅಂತ. ಈ ಮಾತನ್ನ ನನ್ನ ರೂಮಲ್ಲೇ ಹತ್ತಾರು ಸಲ ಹೇಳಿಸಿದೆ, ಯಾಕಂದ್ರೆ ಅಕ್ಕನಂಥವರಿಗೆ ಫೋನಲ್ಲಿ ಇಲ್ಲ ಅನ್ನೋದು ತುಂಬಾ ಕಷ್ಟ, ಬಾಯಿಗೆ ರೂಢಿ ಆಗ್ಬೇಕು.

ಹಳೇ ಪಾಸ್ಟರ್ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಅವರ ಜೊತೆ ಸಂಬಂಧ ಕಡ್ಕೊಳ್ಳಿ ಅಂತ ನಾನು ಹೇಳಲ್ಲ. ಗಂಡ ಹೆಂಡ್ತಿ ಇಬ್ರೂ ಹೋಗಿ ಒಂದ್ಸಲ ಸರಿಯಾಗಿ ಬೀಳ್ಕೊಟ್ಟು ಬನ್ನಿ, ಮೈಕಲ್ಲಿ ಆಗದೇ ಇದ್ದ ಥ್ಯಾಂಕ್ಸ್ ಎಲ್ಲಾ ಹೇಳಿ, ತಾಯಿ ಸತ್ತ ರಾತ್ರಿಯ ಮಾತೂ ಆಡಿ, ಆಮೇಲೆ "ಸಭೆ ವಿಷಯ ಇನ್ನು ನಾವು ಮಾತಾಡೋದು ಬೇಡ ಪಾಸ್ಟರ್" ಅಂತ ನೀವೇ ಕೇಳ್ಕೊಳ್ಳಿ ಅಂದೆ. ಎಷ್ಟೋ ಸಭಾ ಪಂಗಡಗಳಲ್ಲಿ ಇದಕ್ಕೆ ನಿಯಮಾನೇ ಇದೆ, ಬಿಟ್ಟು ಹೋದ ಪಾಸ್ಟರು ಈಗಿನವರು ಕರೆಯದೇ ಹಳೇ ಸಭೇಲಿ ಮದುವೆ, ಶವಸಂಸ್ಕಾರ ನಡೆಸೋ ಹಾಗಿಲ್ಲ. ಕೇಳೋಕೆ ಕಠಿಣ, ಆದ್ರೆ ಹಳಬರು ಒಂದು ಕಾಲು ಒಳಗಿಟ್ಟಿರೋ ತನಕ ಹೊಸಬರಿಗೆ ನಿಲ್ಲೋಕೆ ಜಾಗ ಸಿಗಲ್ಲ, ಜನಕ್ಕೂ ಒಂದು ಕಡೆ ಮನಸ್ಸು ಕೂರಲ್ಲ. ಕೊರಿಂಥದ ಸಭೇಲಿ ಮೊದಲು ಪೌಲ, ಆಮೇಲೆ ಅಪೊಲ್ಲೋಸ ಬೋಧನೆ ಮಾಡಿದ್ರು, ಅಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಜನ ಒಡೆದಿದ್ದೂ ಹೀಗೇ.

ಇನ್ನು ಬೀಗದ ಕೈ. ಅದನ್ನ ಹೊಸ ಪಾಸ್ಟರ್ ಹತ್ರಾನೇ ಮಾತಾಡ್ಬೇಕು, ನೀವು ಹೀಗ್ ಮಾಡಿದ್ರಿ ಅಂತಲ್ಲ, ಆ ಮೆಸೇಜ್ ನೋಡಿ ನನಗೆ ಹೀಗಾಯ್ತು ಅಂತ. ಜೊತೆಗೆ ಆ ಮೂವರ ಹೆಸರು, ವಿಳಾಸ ಬರ್ಕೊಂಡು ಹೋಗಿ. ಅಕ್ಕ ಎರಡು ವಾರ ಮುಂದೂಡಿ ಕೊನೆಗೆ ಹೋದ್ರು. ಪಾಸ್ಟರ್‌ಗೆ ಆ ಮೆಸೇಜಿಂದ ಯಾರಿಗಾದ್ರೂ ನೋವಾಗಿದೆ ಅನ್ನೋದೇ ಗೊತ್ತಿರಲಿಲ್ಲವಂತೆ, ಆಡಿಟ್‌ನವರು ಹೇಳಿದ್ರು ಅಂತ ಬೀಗದ ಕೈ ವಾಪಸ್ ಕೇಳಿದ್ದಂತೆ. ಆ ಮೂರು ಮನೆಗೆ ಅದೇ ವಾರ ಅಕ್ಕನ್ನ ಕರ್ಕೊಂಡೇ ಹೋದ್ರು. ಬೀಗದ ಕೈ ವಾಪಸ್ ಸಿಗಲಿಲ್ಲ. ಕ್ವಾಯರ್‌ಗೆ ತಿಂಗಳಿಗೊಂದು ಭಾನುವಾರ ಸಿಕ್ತು, ಅವರಿಗೆ ಅದು ಸಾಲ್ದು.

ಹೊಸದಾಗಿ ಸಭೆ ವಹಿಸಿಕೊಳ್ಳೋ ಪಾಸ್ಟರ್‌ಗಳು ಇದನ್ನ ಓದ್ತಿದ್ರೆ ಒಂದು ಕಳಕಳಿಯ ವಿನಂತಿ. ಮೊದಲ ವರ್ಷ ಆದಷ್ಟೂ ಕಮ್ಮಿ ಮುಟ್ಟಿ, ಮನೆ ಮನೆಗೆ ಹೋಗಿ ಹಿಂದಿನವರ ಬಗ್ಗೆ ನೀವೇ ಕೇಳಿ, ಜನ ಅವರನ್ನ ಹೊಗಳಿದ್ರೆ ಕೂತು ಕೇಳಿಸಿಕೊಳ್ಳಿ, ಅದು ನಿಮ್ಮನ್ನ ತೆಗಳಿದ ಹಾಗಲ್ಲ. ಯಾರ ಕೈಯಿಂದಾದ್ರೂ ಕೆಲಸ ತಗೋಬೇಕು ಅಂದ್ರೆ ಗ್ರೂಪಲ್ಲಿ ಹಾಕ್ಬೇಡಿ, ಎದುರು ಕೂತು, ಇಷ್ಟು ವರ್ಷ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಿ ತಗೊಳ್ಳಿ. ಕಮಿಟಿಯವರೂ ಅಷ್ಟೇ, ಆರ್ಡರ್ ಬಂದ ದಿನದಿಂದ ಹೊರಡೋ ದಿನದವರೆಗೆ ಜನ ಬಂದು ಮಾತಾಡಿ ಹೋಗೋಕೆ ಒಂದೆರಡು ಸಂಜೆ ಇಡಿ.

ಈಗ ಅಕ್ಕನಿಗೆ ವಾರದಲ್ಲಿ ಹೆಚ್ಚಿನ ರಾತ್ರಿ ನಿದ್ದೆ ಬರುತ್ತೆ, ಶನಿವಾರ ಇನ್ನೂ ಸ್ವಲ್ಪ ಕಷ್ಟ. ಎರಡು ಕುಟುಂಬ ಬೇರೆ ಸಭೆಗೆ ಹೋದ್ವು, ಅದ್ರಲ್ಲಿ ಒಬ್ಬರು ನೀನೂ ಅವರ ಕಡೆ ಸೇರ್ಕೊಂಡೆ ಅಂತ ಹೇಳಿ ಹೋದ್ರಂತೆ, ಅದನ್ನ ಹೇಳುವಾಗ ಅಕ್ಕನ ಮುಖ ಸಣ್ಣದಾಯ್ತು. ಹಳೇ ಪಾಸ್ಟರ್ ಈಗ ಫೋನ್ ಮಾಡಿದ್ರೆ ಮಕ್ಕಳ ವಿಷಯ, ಆರೋಗ್ಯ ಅಷ್ಟೇ ಕೇಳ್ತಾರೆ. ಮುಂದಿನ ಕಮಿಟಿ ಚುನಾವಣೆಗೆ ನಿಲ್ಲಿ ಅಂತ ಎರಡೂ ಕಡೆಯವರು ಒತ್ತಾಯ ಮಾಡ್ತಿದಾರೆ. ಒಂದು ಅವಧಿ ಬಿಟ್ಟು ನೋಡಿ, ಆ ಮೂರು ಮನೆ ಭೇಟಿ ಮಾತ್ರ ಇಟ್ಕೊಳ್ಳಿ, ಏನೇ ತೀರ್ಮಾನ ಮಾಡೋ ಮುಂಚೆ ಮಗಳನ್ನ ಕೂರಿಸ್ಕೊಂಡು ಒಂದ್ಸಲ ಮಾತಾಡಿ ಅಂದಿದೀನಿ. ಮುಂದಿನ ಸಲ ಬರುವಾಗ ಮಗಳನ್ನೂ ಕರ್ಕೊಂಡು ಬರ್ತೀನಿ ಅಂದ್ರು.