ಏಳು-ಏಳು ಮಾಡಿಕೊಂಡ ಹುಡುಗರು, ಹತ್ತು-ನಾಲ್ಕು ಮಾಡಿದ ಸಮಿತಿ

ಓದುಗರ ಪತ್ರ:

ಮಾನ್ಯ ಸಂಪಾದಕರೇ, ಕಳೆದ ತಿಂಗಳು ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳ ಸಮೀಪದ ಒಂದು ಕ್ಲಬ್ಬಿನವರು ಮೊಬೈಲಿನಲ್ಲಿ ಆಡುವ ಇ-ಫುಟ್‌ಬಾಲ್ ಪಂದ್ಯಾಟ ನಡೆಸಿದರು. 64 ಹುಡುಗರು, ತಲೆಗೆ 200 ರೂಪಾಯಿ ಪ್ರವೇಶ ಶುಲ್ಕ. ಪ್ರಥಮ 10,000 ಮತ್ತು ಟ್ರೋಫಿ, ದ್ವಿತೀಯ 4,000. ನನ್ನ ತಂಗಿಯ ಮಗನೂ ಅವನ ಗೆಳೆಯನೂ ಫೈನಲಿಗೆ ಬಂದರು. ಫೈನಲಿಗೆ ಮೊದಲು ಬೇಕರಿಯಲ್ಲಿ ಕೂತು, ಯಾರೇ ಗೆಲ್ಲಲಿ, ಹಣ ಏಳು-ಏಳು ಸಾವಿರ ಎಂದು ಮಾತಾಡಿಕೊಂಡರಂತೆ. ಪಂದ್ಯ 3-3 ಆಗಿ ಪೆನಾಲ್ಟಿಯಲ್ಲಿ ಮುಗಿಯಿತು. ಅರ್ಧ ಆಟದಲ್ಲಿ 1-3 ಹಿಂದಿದ್ದ ನಮ್ಮವನು 'ಪೊಸೆಷನ್' ಬಿಟ್ಟು 'ಕ್ವಿಕ್ ಕೌಂಟರ್'ಗೆ ಬದಲಾಯಿಸಿ ಸಮ ಮಾಡಿದನೆಂದು ಈಗಲೂ ಹೇಳಿಕೊಂಡು ತಿರುಗುತ್ತಾನೆ. ಯಾರೋ ಮಾತು ಮುಟ್ಟಿಸಿದರು, ಸಮಿತಿಯವರು ಇಬ್ಬರ ಬಹುಮಾನವನ್ನೂ ತಡೆಹಿಡಿದರು. ನಿಯಮದ ಹಾಳೆಯಲ್ಲಿ ಅದಕ್ಕೆ ಅವಕಾಶ ಉಂಟಂತೆ. ಹಾಳೆ ಮಲಯಾಳದಲ್ಲಿತ್ತು, ಹುಡುಗರು ಓದಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಮೋಸವೇ. ಕಂಬಳದಲ್ಲಿ ಹೀಗೆ ಮಾಡಿದರೆ ಜನ ಬಿಡುತ್ತಾರೆಯೇ? ಮಕ್ಕಳಿಗೆ ಎಚ್ಚರಿಕೆಯ ನಾಲ್ಕು ಮಾತು ಬರೆಯಬೇಕು.
— ನಿವೃತ್ತ ಗಣಿತ ಅಧ್ಯಾಪಕ, ಪೆರ್ಲ

ಸಂಪಾದಕರ ಉತ್ತರ:

ಮಾಷ್ಟ್ರೇ, ನಮಸ್ಕಾರ. ಎಚ್ಚರಿಕೆಯ ಮಾತು ಬರೆಯಲಡ್ಡಿಯಿಲ್ಲ. ಆದರೆ ಅದು ಹೋಗಬೇಕಾದ ವಿಳಾಸ ನೀವು ಹೇಳಿದ್ದಲ್ಲ. ಗಣಿತ ಕಲಿಸಿದ ನೀವು ಇಷ್ಟು ಅಂಕಿಗಳನ್ನು ಕೊಟ್ಟು, ಒಂದು ಲೆಕ್ಕವನ್ನೂ ಮಾಡದೆ ತೀರ್ಪು ಬರೆದದ್ದು ಮಾತ್ರ ನಮಗೆ ಅಚ್ಚರಿ.

ಮೊದಲು ಆ ಲೆಕ್ಕವನ್ನೇ ಮಾಡೋಣ. ಫೈನಲಿಗೆ ಕಾಲಿಟ್ಟ ಕ್ಷಣಕ್ಕೆ ಇಬ್ಬರಿಗೂ 4,000 ಖಾತ್ರಿಯಾಯಿತು. ಪಂದ್ಯ ನಡೆಯುವುದು ಉಳಿದ 6,000ಕ್ಕೆ ಮಾತ್ರ. ಇಬ್ಬರೂ ಸಮಬಲರಾದರೆ ತಲಾ ನಿರೀಕ್ಷೆ 4,000 ಮತ್ತು 3,000, ಅಂದರೆ 7,000. ಬೇಕರಿಯಲ್ಲಿ ಕೂತವರು ಕಂಡುಹಿಡಿದದ್ದು ಇದನ್ನೇ. ಒಬ್ಬ ನೂರಕ್ಕೆ ಅರುವತ್ತು ಸಲ ಗೆಲ್ಲುವವನಾಗಿದ್ದರೆ ಅವನ ಪಾಲು 7,600, ಇನ್ನೊಬ್ಬನದು 6,400; ಆಗ ಏಳು-ಏಳಕ್ಕೆ ಒಪ್ಪಿದವನು 600 ರೂಪಾಯಿ ಬಿಟ್ಟುಕೊಟ್ಟ ಹಾಗೆ. ಯಾರೂ ಯಾರದ್ದನ್ನೂ ಕದಿಯಲಿಲ್ಲ. ಹತ್ತು ನಿಮಿಷದ ಆಟದಲ್ಲಿ ನೆಟ್ ಒಮ್ಮೆ ತಡವರಿಸಿದರೆ, ಫೋನ್ ಬಿಸಿಯಾಗಿ ಪರದೆ ಅರ್ಧ ಸೆಕೆಂಡ್ ನಿಂತರೆ ಆರು ಸಾವಿರ ಆಚೆ ಈಚೆ ಆಗುತ್ತದೆ. ಅದರ ವಿರುದ್ಧ ಇಬ್ಬರೂ ಸೇರಿ ಒಂದು ವಿಮೆ ಮಾಡಿಸಿಕೊಂಡರು, ಅಷ್ಟೇ.

ಇನ್ನು ಆ ಹಣ ಯಾರದು? 64 ಗುಣಿಸು 200, 12,800. ಬಹುಮಾನದ ಮೊತ್ತ 14,000. ಅಂದರೆ ಸಮಿತಿ ಕೈಯಿಂದ ಹಾಕಿದ್ದು 1,200 ರೂಪಾಯಿ. ಉಳಿದದ್ದೆಲ್ಲ ಹುಡುಗರದ್ದೇ ಕಿಸೆಯ ಹಣ. ಅದನ್ನು ಗೆದ್ದವರು ಹೇಗೆ ಹಂಚಿಕೊಂಡರೆಂದು ತಡೆಹಿಡಿಯುವ ಗತ್ತು 1,200 ರೂಪಾಯಿಗೆ ಬರುವುದಾದರೆ ಅದು ಬಹಳ ಅಗ್ಗದ ಗತ್ತು.

ನಿಮ್ಮ ಪ್ರಶ್ನೆ ಮೋಸದ್ದು. ಮೋಸ ಎಲ್ಲಿರುತ್ತದೆ ಎಂಬುದಕ್ಕೆ ಆಟದ ಲೋಕದಲ್ಲಿ ಒಳ್ಳೆಯ ಗೆರೆಯೊಂದು ಈಗಾಗಲೇ ಉಂಟು. 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಕಾರ್ಡಿನ ಆಟದ ಪಂದ್ಯಾವಳಿ ನಿಯಮದಲ್ಲಿ ಬಹುಮಾನ ಹಂಚಿಕೊಳ್ಳೋಣ ಎಂದು ಆಟಗಾರರು ಒಪ್ಪಿಕೊಳ್ಳಬಹುದು. ಆದರೆ ಆ ಒಪ್ಪಂದಕ್ಕೂ ಪಂದ್ಯದ ಫಲಿತಾಂಶಕ್ಕೂ ಗಂಟು ಹಾಕಬಾರದು. 'ಯಾರೇ ಗೆಲ್ಲಲಿ, ಅರ್ಧರ್ಧ' ಎಂದರೆ ಸರಿ. 'ನೀನು ಬಿಟ್ಟುಕೊಡು, ಅರ್ಧ ಕೊಡುತ್ತೇನೆ' ಎಂದರೆ ಲಂಚ. ಎರಡು ವಾಕ್ಯಕ್ಕೂ ಹಣದಲ್ಲಿ ಒಂದು ಪೈಸೆಯ ವ್ಯತ್ಯಾಸವಿಲ್ಲ, ಆದರೂ ಒಂದು ಸರಿ, ಒಂದು ತಪ್ಪು. 'ಯಾರೇ ಗೆಲ್ಲಲಿ' ಎಂಬ ಎರಡು ಪದ ನಿಮ್ಮ ಪತ್ರದಲ್ಲೇ ಉಂಟು. ನೀವು ಬರೆದು, ನೀವೇ ದಾಟಿ ಹೋಗಿದ್ದೀರಿ.

ಗೆರೆ ದಾಟಿದವರ ಕತೆಯೂ ಉಂಟು. 2012ರ ಆಗಸ್ಟಿನಲ್ಲಿ ಅಮೆರಿಕದ ರಾಲಿಯಲ್ಲಿ ಮೇಜರ್ ಲೀಗ್ ಗೇಮಿಂಗ್‌ನವರ ಲೀಗ್ ಆಫ್ ಲೆಜೆಂಡ್ಸ್ ಎಂಬ, ಐದೈದು ಜನರ ಕಂಪ್ಯೂಟರ್ ಆಟದ ಫೈನಲಿಗೆ ಬಂದದ್ದು ಕರ್ಸ್ ಮತ್ತು ಡಿಗ್ನಿಟಾಸ್ ತಂಡಗಳು. ಹಣ ಹಂಚಿಕೊಳ್ಳುವುದೆಂದು ಮೊದಲೇ ಮಾತಾಗಿತ್ತು. ಅಲ್ಲಿಗೇ ನಿಂತಿದ್ದರೆ ಯಾರೂ ನೆನಪಿಡುತ್ತಿರಲಿಲ್ಲವೋ ಏನೋ. ಆದರೆ ಮೊದಲ ಆಟದಲ್ಲಿ ಹತ್ತೂ ಜನ ಸಿಕ್ಕಿದ ಪಾತ್ರ ಹಿಡಿದು, ಮೂರು ದಾರಿಯ ಆಟವನ್ನು ಬಿಟ್ಟು ನಡುದಾರಿಯಲ್ಲೇ ಗುಂಪಾಗಿ ಗುದ್ದಾಡಿದರು. ಮನೆಯಲ್ಲಿ ಊಟ ಆದ ಮೇಲೆ ಗೆಳೆಯರು ಆಡುವ ಹಾಗೆ. ಆಯೋಜಕರು ಎರಡೂ ತಂಡಗಳನ್ನು ಅನರ್ಹಗೊಳಿಸಿ ಮೊದಲೆರಡು ಸ್ಥಾನಗಳನ್ನು ಖಾಲಿ ಬಿಟ್ಟರು. ಸರಿಯಾದ ತೀರ್ಪು ಅದು. ಫೈನಲ್ ನೋಡಲು ಕೂತವರಿಗೆ ಫೈನಲ್ ಸಿಗಲಿಲ್ಲವಲ್ಲ.

ಚೆಸ್ಸಿನಲ್ಲಿ ಇದಕ್ಕಿಂತ ಹಳತು ಸಿಗುತ್ತದೆ. 1962ರಲ್ಲಿ ವಿಶ್ವ ಚಾಂಪಿಯನ್ನನಿಗೆ ಎದುರಾಳಿಯನ್ನು ಆರಿಸುವ, ಕ್ಯುರಸಾವ್ ದ್ವೀಪದ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ಈ ಮೂವರು ತಮ್ಮೊಳಗೆ ಆಡಿದ ಹನ್ನೆರಡು ಆಟಗಳೂ ಡ್ರಾ. ತಾವು ದಣಿಯದೆ ಉಳಿದವರನ್ನು ದಣಿಸುವ ಉಪಾಯ ಎಂದು ಅಲ್ಲೇ ಆಡಿದ್ದ ಅಮೆರಿಕದ ಬಾಬಿ ಫಿಷರ್ ಬಹಿರಂಗವಾಗಿ ಬರೆದ. ಮುಂದೆ ವಿಶ್ವ ಚೆಸ್ ಸಂಸ್ಥೆಯಾದ ಫಿಡೆ ಕ್ಯಾಂಡಿಡೇಟ್ಸನ್ನು ನಾಕೌಟ್ ಮಾಡಿತು. ಅಲ್ಲಿ ಹಂಚಿಕೆಯಾದದ್ದು ಹಣವಲ್ಲ, ಶ್ರಮ. ಪೆಟ್ಟು ಬಿದ್ದದ್ದು ಒಪ್ಪಂದದ ಹೊರಗಿದ್ದವರಿಗೆ. ನಿಮ್ಮ ಹುಡುಗರ ಒಪ್ಪಂದದಿಂದ ಯಾರಿಗೆ ಪೆಟ್ಟು? 64ರಲ್ಲಿ 62 ಜನ ಮೊದಲೇ ಸೋತು ಮನೆಗೆ ಹೋಗಿದ್ದರು.

ಆಟ ಸಡಿಲವಾಗಿತ್ತೇ ಎಂದು ನೋಡುವುದಕ್ಕೂ ದಾರಿ ಉಂಟು. ಬಿಟ್ಟು ಆಡುವವರು ಇ-ಫುಟ್‌ಬಾಲಿನಲ್ಲಿ ಹೇಗಿರುತ್ತಾರೆಂದರೆ, ಚೆಂಡನ್ನು ತಮ್ಮ ಡಿಫೆಂಡರುಗಳ ನಡುವೆಯೇ ತಿರುಗಿಸುತ್ತಾರೆ, ದಣಿದ ಆಟಗಾರನನ್ನು ಎಪ್ಪತ್ತನೇ ನಿಮಿಷ ಕಳೆದರೂ ಬದಲಿಸುವುದಿಲ್ಲ, ಗೋಲ್ ಬಿದ್ದರೂ ತಂಡದ ಆಟದ ಶೈಲಿ ಮುಟ್ಟುವುದಿಲ್ಲ. ನಿಮ್ಮ ಅಳಿಯ 1-3 ಹಿಂದಿದ್ದಾಗ ಚೆಂಡು ಹಿಡಿದಿಡುವ ಆಟ ಬಿಟ್ಟು ಒಮ್ಮೆಲೇ ಮೇಲೆ ಬೀಳುವ ಆಟಕ್ಕೆ ಇಳಿದ. ಹಾಗೆ ಇಳಿದರೆ ಹಿಂಬದಿ ಬಯಲಾಗುತ್ತದೆ, ನಾಲ್ಕನೇ ಗೋಲೂ ಬೀಳಬಹುದಿತ್ತು. 7,000 ಕಿಸೆಗೆ ಬಂತೆಂದು ಆಟ ಬಿಟ್ಟವನು ಹೀಗೆ ಮೈಮೇಲೆ ಎಳೆದುಕೊಳ್ಳುತ್ತಾನೆಯೇ? ಹಣದ ಚಿಂತೆ ಹೋದ ಮೇಲೆ ಉಳಿದದ್ದು ಟ್ರೋಫಿ, ಅದರ ಜೊತೆಗೆ ನಾಳೆ ಬಸ್ಸಿನಲ್ಲಿ ಕೇಳಬೇಕಾದ ಮಾತು. ಆ ವಯಸ್ಸಿಗೆ ಅದು ಆರು ಸಾವಿರಕ್ಕಿಂತ ದೊಡ್ಡದು.

ಹಾಗಾದರೆ ಹುಡುಗರದ್ದು ತಪ್ಪೇ ಇಲ್ಲವೇ? ಉಂಟು. ಹೇಳದೆ ಮಾಡಿದ್ದು ತಪ್ಪು. 2021ರ ಆಗಸ್ಟ್ 1ರಂದು ಟೋಕಿಯೊ ಒಲಿಂಪಿಕ್ಸಿನ ಎತ್ತರ ಜಿಗಿತದಲ್ಲಿ ಕತಾರಿನ ಬರ್ಶಿಮ್, ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್ ಹಾರಿ, 2.39ರಲ್ಲಿ ಮೂರು ಮೂರು ಸಲ ತಪ್ಪಿದರು. ಗೆದ್ದವನನ್ನು ತೀರ್ಮಾನಿಸಲು ಮತ್ತೆ ಹಾರುವ ಜಂಪ್-ಆಫ್ ಮಾತನ್ನು ಅಧಿಕಾರಿ ಎತ್ತಿದಾಗ, ಎರಡು ಚಿನ್ನ ಆಗಬಹುದೇ ಎಂದು ಬರ್ಶಿಮ್ ಅಲ್ಲೇ ಕ್ಯಾಮರಾದೆದುರೇ ಕೇಳಿದ. ನಿಯಮದಲ್ಲಿ ಅವಕಾಶವಿತ್ತು, ಕೊಟ್ಟರು, ಲೋಕವೇ ಚಪ್ಪಾಳೆ ತಟ್ಟಿತು. ಮೂರು ವರ್ಷ ಬಿಟ್ಟು 2024ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ಕಾರ್ಲ್‌ಸನ್ ಮತ್ತು ನೆಪೋಮ್ನಿಯಾಚಿ ಅತಿ ವೇಗದ ಚೆಸ್ ಆದ ಬ್ಲಿಟ್ಜಿನ ವಿಶ್ವ ಪಟ್ಟವನ್ನೇ 3.5-3.5ರಲ್ಲಿ ಹಂಚಿಕೊಂಡರು. ನಿಯಮದಲ್ಲಿ ಇರದದ್ದನ್ನು ಆ ಹೊತ್ತಿಗೆ ಕೇಳಿ ಪಡೆದದ್ದು. ಜೊತೆಗೆ, ಫಿಡೆಯವರು ಒಪ್ಪದಿದ್ದರೆ ಅವರು ಸೋಲೊಪ್ಪುವ ತನಕ ಸಣ್ಣ ಡ್ರಾ ಆಡುತ್ತಾ ಕೂರೋಣ ಎಂಬರ್ಥದ ಕಾರ್ಲ್‌ಸನ್ನನ ತಮಾಷೆ ವೀಡಿಯೊದಲ್ಲಿ ಸಿಕ್ಕಿಬಿತ್ತು. ವಾರಗಟ್ಟಲೆ ಬೈಗುಳ. ಮೊದಲಿನವರು ಇದ್ದ ನಿಯಮವನ್ನು ಎಲ್ಲರೆದುರು ಕೇಳಿದರು. ಇವರು ಬಾಗಿಲು ಮುಚ್ಚಿದ ಮೇಲೆ ಕಿಟಕಿ ತಟ್ಟಿದರು.

ನಿಮ್ಮ ಪಕ್ಷಕ್ಕೂ ಒಂದು ಮಾತು ಸಲ್ಲಬೇಕು. ಪ್ರಥಮ ಬಂದವನಿಗೆ ಮುಂದಿನ ಹಂತಕ್ಕೆ ಜಾಗ ಸಿಗುವುದಿದ್ದರೆ ಹಂಚಿಕೆ ಕೂಡದು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಸುಲಭದ ಎದುರಾಳಿ ಸಿಗಲೆಂದು ಬೇಕೆಂದೇ ಸೋಲಲು ಹೊರಟ ನಾಲ್ಕು ಬ್ಯಾಡ್ಮಿಂಟನ್ ಜೋಡಿಗಳನ್ನು ಹೊರಹಾಕಿದ್ದು ನೆನಪಿರಬಹುದು. ಹೊರಗಿನವರು ಬಾಜಿ ಕಟ್ಟಿದ್ದರಂತೂ ಹುಡುಗರ ಏಳು-ಏಳು ಬೇರೆಯವರ ಕೈಗೆ ಸಿಕ್ಕಿದ ಕತ್ತಿ. 2025ರ ಆನ್‌ಲೈನ್ ಗೇಮಿಂಗ್ ಕಾಯಿದೆ ಇ-ಸ್ಪೋರ್ಟ್ಸನ್ನು ಒಪ್ಪಿಕೊಂಡಿದೆ, ಪ್ರವೇಶ ಶುಲ್ಕವನ್ನೂ ಬಹುಮಾನವನ್ನೂ ಒಪ್ಪಿದೆ, ಬಾಜಿಯನ್ನು ಒಪ್ಪಿಲ್ಲ. ಪಂದ್ಯದ ಬಯಲಿನ ಮೂಲೆಯಲ್ಲಿ ನೂರಕ್ಕೆ ಇನ್ನೂರು ಎನ್ನುವವರನ್ನು ಓಡಿಸುವ ಕೆಲಸ ಸಮಿತಿಯದ್ದು. ಅಷ್ಟು ಹೇಳಿ ಮುಂದೆ ಹೋಗುತ್ತೇವೆ.

ಕಂಬಳದಲ್ಲಿ ಜನ ಬಿಡುತ್ತಾರೆಯೇ ಎಂದಿರಿ. ಬಿಡುತ್ತಾರೆ ಮಾಷ್ಟ್ರೇ, ಬಿಟ್ಟಿದ್ದಾರೆ. ಒಂದೇ ಯಜಮಾನರ 'ಎ' ಜೋಡಿಯೂ 'ಬಿ' ಜೋಡಿಯೂ ಫೈನಲಿಗೆ ಬಂದ ಫಲಿತಾಂಶಗಳನ್ನು ಪತ್ರಿಕೆಯಲ್ಲಿ ನೀವೇ ಓದಿರುತ್ತೀರಿ, ಹಗ್ಗದ ವಿಭಾಗದಲ್ಲೋ ನೇಗಿಲಿನ ವಿಭಾಗದಲ್ಲೋ. ಮೊದಲನೆಯದಕ್ಕೆ ಎರಡು ಪವನು, ಎರಡನೆಯದಕ್ಕೆ ಒಂದು ಪವನು ಚಿನ್ನವಿದ್ದರೆ ಮೂರು ಪವನೂ ಒಂದೇ ಮನೆಗೆ. ಯಾರೂ ಒಳ ಒಪ್ಪಂದ ಎನ್ನುವುದಿಲ್ಲ, ಏಕೆಂದರೆ ಎರಡೂ ಒಂದೇ ಕೊಟ್ಟಿಗೆಯ ಕೋಣಗಳೆಂದು, ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಂತವರಿಗೆಲ್ಲ ಗೊತ್ತು.

ಆದ್ದರಿಂದ ಮುಂದಿನ ಸಲ ಹೀಗೆ ಮಾಡಲಿ. ಸೆಮಿಫೈನಲ್ ಮುಗಿದ ಕೂಡಲೇ ಇಬ್ಬರೂ ಸಮಿತಿಯೆದುರು ಹೋಗಿ ಬಿಳಿ ಹಾಳೆಯಲ್ಲಿ ಬರೆದು ಕೊಡಲಿ: ಮೊತ್ತ ಇಷ್ಟು, ಪಾಲು ಇಷ್ಟು, ಫಲಿತಾಂಶಕ್ಕೆ ಸಂಬಂಧವಿಲ್ಲ. ಪಂದ್ಯಕ್ಕೆ ಮೊದಲು ಮೈಕಿನಲ್ಲಿ ಅದನ್ನು ಓದಲಿ. ಪೂರ್ತಿ ಹಂಚುವುದಕ್ಕಿಂತ ಯುರೋಪಿನ ಪೋಕರ್ ಫೈನಲುಗಳ ರೂಢಿ ಒಳ್ಳೆಯದು. ಹಂಚಿಕೊಳ್ಳಬಹುದು, ಆದರೆ ಒಂದಷ್ಟನ್ನು ಗೆದ್ದವನಿಗೆಂದು ಮೇಜಿನ ಮೇಲೆ ಬಿಡಬೇಕು. ನಿಮ್ಮ ಲೆಕ್ಕದಲ್ಲಿ ತಲಾ 6,000, ಗೆದ್ದವನಿಗೆ ಮೇಲಿಂದ 2,000. ಟ್ರೋಫಿ ಹಂಚುವ ವಸ್ತುವಲ್ಲ. ಹಣ ಗೆದ್ದವನ ಖಾತೆಗೆ ಬಂದು ಅಲ್ಲಿಂದ ದಾಟುವುದು ಬೇಡ, ಸಮಿತಿಯೇ ಇಬ್ಬರ ಖಾತೆಗೂ ಹಾಕಲಿ.

ದೊಡ್ಡ ಮೊತ್ತದಲ್ಲಿ ಗೆಳೆತನ ಕೆಡುವುದು ತೆರಿಗೆಯಲ್ಲಿ. ಪ್ರಥಮ 50,000, ದ್ವಿತೀಯ 20,000 ಎಂದಿಟ್ಟುಕೊಳ್ಳಿ. ಹುಡುಗರು 35-35 ಎಂದು ಕೈಕುಲುಕುತ್ತಾರೆ. ಶೇಕಡಾ 30 ಮೂಲದಲ್ಲೇ ಕಡಿತವಾದರೆ ಗೆದ್ದವನ ಕೈಗೆ ಬರುವುದು 35,000, ಸೋತವನ ಕೈಗೆ 14,000. ಮಾತು ಕೊಟ್ಟಂತೆ ಗೆದ್ದವನು 15,000 ದಾಟಿಸಿದರೆ ಅವನಲ್ಲಿ ಉಳಿಯುವುದು 20,000, ಸೋತವನಲ್ಲಿ 29,000. ಗೆದ್ದದ್ದೇ ತಪ್ಪಾಯಿತು! ಕೈಗೆ ಬಂದ 49,000ವನ್ನು ಅರ್ಧ ಮಾಡಬೇಕು, ತಲಾ 24,500. 'ಕಡಿತ ಕಳೆದು' ಎಂಬ ಎರಡು ಪದ ಆ ಹಾಳೆಯಲ್ಲಿ ಇರಲೇಬೇಕು.

ಇಷ್ಟಕ್ಕೂ ಈ ಹುಡುಗರಿಗೆ ಬೇಕರಿಗೆ ಹೋಗಬೇಕಾದ ಗತಿ ತಂದವರು ಯಾರು? ಹತ್ತು-ನಾಲ್ಕು ಎಂದು ಪಟ್ಟಿ ಬರೆದವರು. ಈ ಕಡಿದಾದ ಏಣಿ ಮೇಲಿನಿಂದ ಇಳಿದು ಬಂದದ್ದು. 2021ರಲ್ಲಿ ಡೋಟಾ-2 ಎಂಬ ಕಂಪ್ಯೂಟರ್ ಆಟದ ವಿಶ್ವ ಪಂದ್ಯಾವಳಿ 'ದ ಇಂಟರ್‌ನ್ಯಾಷನಲ್'ನಲ್ಲಿ ಒಟ್ಟು ಬಹುಮಾನ 4 ಕೋಟಿ ಡಾಲರ್. ಗೆದ್ದ ಟೀಮ್ ಸ್ಪಿರಿಟ್‌ಗೆ ಸುಮಾರು 1.82 ಕೋಟಿ, ಐದು ಆಟದ ಫೈನಲಿನಲ್ಲಿ ಸೋತ ತಂಡಕ್ಕೆ ಸುಮಾರು 52 ಲಕ್ಷ. ಅಲ್ಲಿ ತಂಡಕ್ಕೆ ಸಂಬಳವುಂಟು, ಪ್ರಾಯೋಜಕರುಂಟು. ನಮ್ಮ ಕ್ಲಬ್ಬಿನವರು ಆ ಪಟ್ಟಿಯ ಆಕಾರವನ್ನು ಮಾತ್ರ ತಂದರು. ಸೆಮಿಫೈನಲಿನಲ್ಲಿ ಸೋತ ಇಬ್ಬರಿಗೆ ಸೊನ್ನೆ! ಅದೇ 14,000ವನ್ನು 5,500, 4,000, ಸೆಮಿಯಲ್ಲಿ ಸೋತವರಿಗೆ ತಲಾ 2,250 ಎಂದು ಇಡಿ. ಮೊದಲನೆಯವನಿಗೂ ಎರಡನೆಯವನಿಗೂ ನಡುವೆ 1,500. ಅದನ್ನು ಹಂಚಲು ಯಾರು ಕೂತು ಮಾತಾಡುತ್ತಾರೆ?

ಹಾಗೆ ಇಡುವುದಿಲ್ಲ, ಏಕೆಂದರೆ ಫ್ಲೆಕ್ಸಿನಲ್ಲಿ '10,000' ದಪ್ಪಗೆ ಕಾಣಬೇಕು. ಫ್ಲೆಕ್ಸಿಗೆ ಹಣವುಂಟು, ಸೊಂಟದೆತ್ತರದ ಟ್ರೋಫಿಗೆ ಉಂಟು, ಅತಿಥಿಗಳ ಶಾಲಿಗೆ ಉಂಟು, ವೈಫೈ ರೂಟರಿಗೆ ಇಲ್ಲ. ನಗದು ಬಹುಮಾನದ ರಟ್ಟಿನ ಚೆಕ್ಕು ಫೋಟೋಕ್ಕೆ, ಹಣ ತಿಂಗಳುಗಟ್ಟಲೆ 'ನಾಳೆ ಹಾಕುತ್ತೇವೆ' ಎಂಬ ಮೆಸೇಜಿನಲ್ಲಿ. ಹುಡುಗರು ಪರಸ್ಪರ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಾರೆ, ಆಯೋಜಕರು ಎಲ್ಲರೆದುರು ಕೊಟ್ಟದ್ದನ್ನು ಉಳಿಸಿಕೊಳ್ಳುವುದಿಲ್ಲ. ಹಾಗಿದ್ದೂ ನೀತಿಪಾಠ ಹುಡುಗರಿಗೆ.

ಮತ್ತೆ ಆ ಮಲಯಾಳದ ಹಾಳೆ. ಅದು ನಿಮ್ಮ ಪತ್ರದಲ್ಲಿ ಅರ್ಧ ಸಾಲು, ನಮಗೆ ಅದೇ ಇಡೀ ಪತ್ರ. ಮಂಜೇಶ್ವರ ತಾಲೂಕಿನಲ್ಲಿ, ಮನೆಮಾತು ತುಳುವೋ ಕನ್ನಡವೋ ಆಗಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನ ಕೈಗೆ ಓದಲು ಬಾರದ ಹಾಳೆ ಕೊಟ್ಟು, ಸಹಿ ಹಾಕಿಸಿ, ಆಮೇಲೆ 'ನಿಯಮದಲ್ಲಿ ಉಂಟಲ್ಲ' ಎನ್ನುವುದು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕಚೇರಿಗಳಲ್ಲಿ ನಾವು ಕೇಳುತ್ತ ಬಂದ ಮಾತೇ ಇದು: ಅರ್ಜಿ, ರಶೀದಿ, ನೋಟೀಸು. ಭಾಷಾ ಅಲ್ಪಸಂಖ್ಯಾತರಿಗೆ ಕಾನೂನಿನಲ್ಲಿ ರಕ್ಷಣೆ ಇದೆ. ಹಾಳೆ ಮಾತ್ರ ಅದೇ. ಈಗ ಮೊಬೈಲ್ ಆಟದ ಪಂದ್ಯಾಟಕ್ಕೂ ಅದು ಬಂತು. ಕ್ಲಬ್ಬಿನಲ್ಲಿ ಕನ್ನಡ ಬಲ್ಲವರು ಇರಲಿಲ್ಲವೆಂದು ನಂಬುವುದು ಕಷ್ಟ. ಯಾರಿಗೂ ಹೊಳೆಯಲಿಲ್ಲ, ನಮ್ಮವರಿಗೂ ಹೊಳೆಯಲಿಲ್ಲ.

ನಿಮಗೆ ಎರಡೂ ಲಿಪಿ ಬರುತ್ತದಲ್ಲ, ಮಾಷ್ಟ್ರೇ. ಆ ಹಾಳೆಯ ಪ್ರತಿಯನ್ನು ತರಿಸಿ, ಬಹುಮಾನ ತಡೆಹಿಡಿಯುವ ಅಧಿಕಾರ ಅದರಲ್ಲಿ ನಿಜಕ್ಕೂ ಯಾವ ಮಾತಿನಲ್ಲಿ ಬರೆದಿದೆ ಎಂದು ಕನ್ನಡಕ್ಕೆ ಇಳಿಸಿ ಕಳಿಸಿ. ಮೇಲೆ ಹೇಳಿದ ಒಪ್ಪಂದದ ಕರಡಿನ ಜೊತೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಅಷ್ಟರೊಳಗೆ ಹುಡುಗರ 14,000 ಕೈಗೆ ಬಂದಿದ್ದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸಿ.